ಕೊಪ್ಪದ ರಾಕ್ ಪ್ರಶಸ್ತಿಯ ಸಂಕ್ಷಿಪ್ತ ಇತಿಹಾಸ

ನನ್ನ ಸೋದರಮಾವ ಏಳು ವಿದೇಶಿ ರಾಕ್ ತಂಡಗಳಿಗೆ ಪ್ರಶಸ್ತಿ ಕೊಟ್ಟವರು ಎಂದರೆ ನೀವು ನಂಬುವುದಿಲ್ಲ. ನಂಬದಿದ್ದರೆ ತಪ್ಪೇನೂ ಇಲ್ಲ ಬಿಡಿ, ಆ ಏಳು ತಂಡಗಳೇ ಇದನ್ನು ಇನ್ನೂ ನಂಬಿದಂತಿಲ್ಲ!

ಮಾವನಿಗೆ ಕೊಪ್ಪದ ಬಸ್ ಸ್ಟ್ಯಾಂಡಿನ ಎದುರು ಒಂದು ಅಂಗಡಿ. ಮುಂದೆ ಕ್ಯಾಸೆಟ್ ಮಾರಾಟ, ಪಕ್ಕದಲ್ಲಿ ಬಾಡಿಗೆಗೆ ಕೊಡುವ ಮೈಕ್ ಸೆಟ್ಟು, ಹಿಂದೆ ಮನೆ, ಮನೆಯೊಳಗೆ ಅಡುಗೆಕೋಣೆ, ಅಡುಗೆಕೋಣೆಯಲ್ಲಿ ಅತ್ತೆ. ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ಜನ ಭಕ್ತಿಗೀತೆ, ಸಿನಿಮಾ ಹಾಡು, ಯಕ್ಷಗಾನ ಕೊಳ್ಳುತ್ತಿದ್ದರು. ಶಿವಮೊಗ್ಗದಿಂದ ಬರುವ ಕಟ್ಟಿನಲ್ಲಿ ಮಾತ್ರ ಯಾರೂ ಕೇಳದ ಒಂದೆರಡು ಇಂಗ್ಲಿಷ್ ಕ್ಯಾಸೆಟ್ಟುಗಳೂ ಸೇರಿಕೊಂಡಿರುತ್ತಿದ್ದವು. ಅವುಗಳ ಮೇಲೆ ‘ಆಲ್ಟರ್‌ನೇಟಿವ್ ರಾಕ್’ ಎಂದು ಬರೆದಿರುತ್ತಿತ್ತು. ವರ್ಷವಾದರೂ ಜಾಗ ಬಿಟ್ಟು ಕದಲದ ಅಂಥದ್ದೊಂದನ್ನು ಮಾವ ಒಂದು ಮಧ್ಯಾಹ್ನ ಧೂಳು ಒರೆಸಿ ಹಾಕಿ ಕೇಳಿದರು. ಒಂದು ಬದಿ ಮುಗಿದ ಮೇಲೆ ತಿರುಗಿಸಿ ಹಾಕಿ ಇನ್ನೊಂದು ಬದಿಯನ್ನೂ ಕೇಳಿದರು. ಆಮೇಲೆ ನನ್ನನ್ನು ಕರೆದು, “ಪಾಪ, ಇಷ್ಟೆಲ್ಲ ಕಿರುಚಿದಾರೆ. ಒಬ್ರಾದ್ರೂ ತಗಳದು ಬೇಡ್ವಾ ಮಾರಾಯ?” ಎಂದರು.

ಪ್ರಶಸ್ತಿ ಹುಟ್ಟಿದ್ದು ಹೀಗೆ. ನಿಯಮ ಒಂದೇ. ಒಂದು ದೀಪಾವಳಿಯಿಂದ ಇನ್ನೊಂದು ದೀಪಾವಳಿಯವರೆಗೆ ಅಂಗಡಿಯಲ್ಲಿ ಒಂದೇ ಒಂದು ಪ್ರತಿಯೂ ಮಾರಾಟವಾಗದ ರಾಕ್ ತಂಡಕ್ಕೆ ಪ್ರಶಸ್ತಿ. ಒಂದು ಹೋದರೂ ಅನರ್ಹ. ಕ್ಯಾಸೆಟ್ಟು ಹೋದವರಿಗೆ ಕೇಳುವವರಿದ್ದಾರೆ, ಹೋಗದವರಿಗೆ ಯಾರಿದ್ದಾರೆ ಎಂಬುದು ಮಾವನ ವಾದ. ಎರಡು ತಂಡಗಳು ಸಮ ಬಂದರೆ ಯಾವುದರ ಮೇಲೆ ಧೂಳು ಹೆಚ್ಚೋ ಅದಕ್ಕೆ. ಇಷ್ಟು ಪಾರದರ್ಶಕವಾದ ಆಯ್ಕೆ ದೇಶದ ಇನ್ನೊಂದು ಪ್ರಶಸ್ತಿಯಲ್ಲಿದ್ದರೆ ತೋರಿಸಿ, ನೋಡೋಣ.

ಆಯ್ಕೆ ಸಮಿತಿಯಲ್ಲಿ ಮಾವ, ಪಕ್ಕದ ಅಂಗಡಿಯ ಟೈಲರ್ ಮತ್ತು ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು. ಮೇಷ್ಟ್ರ ಬಳಿ ಸನ್ಮಾನಪತ್ರದ ಒಂದು ನಮೂನೆಯಿತ್ತು. ಸುತ್ತಮುತ್ತ ನಿವೃತ್ತರಾದ ಉಪಾಧ್ಯಾಯರಿಗೆಲ್ಲ ಅದನ್ನೇ ಓದಿದ್ದರು. ಹೆಸರು ಬದಲಿಸಿ ಇವರಿಗೂ ಓದಿದರು. ಹಾಗಾಗಿ, ಉದ್ದ ಕೂದಲು ಬಿಟ್ಟು ಗಿಟಾರನ್ನು ನೆಲಕ್ಕೆ ಬಡಿಯುವ ನಾಲ್ವರು ಯುವಕರು ಮಿತಭಾಷಿಗಳು, ಸಮಯಪಾಲಕರು, ಸಹೋದ್ಯೋಗಿಗಳ ಪ್ರೀತಿಗೆ ಪಾತ್ರರಾದವರು ಎಂದು ಕೊಪ್ಪದಲ್ಲಿ ದಾಖಲಾಗಿದೆ.

ಸ್ಮರಣಿಕೆಯೆಂದರೆ ಹಿತ್ತಾಳೆ ತಂಬಿಗೆ. ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುವಾತ ಮದುವೆಯ ಉಡುಗೊರೆ ಬಿಟ್ಟು ಬೇರೇನನ್ನೂ ಕೊರೆದವನಲ್ಲ. ಕೈ ತನ್ನ ಪಾಡಿಗೆ ತಾನು ಓಡಿ, ಮೊದಲ ವರ್ಷದ ತಂಬಿಗೆಯಲ್ಲಿ ‘ಅತ್ಯುತ್ತಮ ರಾಕ್ ತಂಡ’ ಎಂಬುದರ ಕೆಳಗೆ ‘ವಿವಾಹದ ಸವಿನೆನಪಿಗಾಗಿ’ ಎಂದು ಬಿತ್ತು. ಹಿತ್ತಾಳೆಯ ಮೇಲೆ ಬಿದ್ದ ಅಕ್ಷರ ಅಳಿಸಲಾಗುತ್ತದೆಯೇ? ನಾಲ್ವರಲ್ಲಿ ಒಬ್ಬರಿಗಾದರೂ ಮದುವೆ ಆಗಿಯೇ ಇರುತ್ತದೆ ಎಂದು ಮಾವ ತೀರ್ಪು ಕೊಟ್ಟರು.

ಕ್ಯಾಸೆಟ್ಟಿನ ಮೇಲಿದ್ದ ವಿಳಾಸಕ್ಕೆ ಪ್ರತಿವರ್ಷ ತಪ್ಪದೆ ಆಹ್ವಾನ ಹೋಗುತ್ತಿತ್ತು. ಇಂಗ್ಲಿಷ್ ಭಾಷೆ ಮೇಷ್ಟ್ರದು, ವಿಷಯ ಮಾವನದು. ಶಿವಮೊಗ್ಗದಲ್ಲಿ ಕೊಪ್ಪದ ಬಸ್ಸು ಹತ್ತಬೇಕು, ತೀರ್ಥಹಳ್ಳಿ ದಾಟಿದ ಮೇಲೆ ತಿರುವು ಜಾಸ್ತಿ, ವಾಂತಿಯಾಗುವವರು ಮುಂದಿನ ಸೀಟು ಹಿಡಿಯುವುದು, ಊಟದ ವ್ಯವಸ್ಥೆ ಇದೆ, ಎಷ್ಟು ಎಲೆ ಎಂದು ಮೊದಲೇ ತಿಳಿಸಿದರೆ ಅನುಕೂಲ. ಏಳು ವರ್ಷಗಳಲ್ಲಿ ಒಂದು ಉತ್ತರ ಬಂತು. ಲಕೋಟೆಯೊಳಗೆ ತಲೆಬುರುಡೆಯ ಚಿತ್ರವಿರುವ ಒಂದು ಸ್ಟಿಕ್ಕರ್. ಮಾವ ಅದನ್ನು ಆಂಪ್ಲಿಫೈಯರಿನ ಮೇಲೆ ಅಂಟಿಸಿದರು.

ಆ ಆಂಪ್ಲಿಫೈಯರ್ ಒಮ್ಮೆ ಕಿಗ್ಗದ ಮನೆಯೊಂದರ ಗೃಹಪ್ರವೇಶಕ್ಕೆ ಹೋಯಿತು. ಮಾವ ಮೈಕ್ ಪರೀಕ್ಷೆಗೆಂದು ಆ ವರ್ಷದ ವಿಜೇತರ ಹಾಡನ್ನೇ ಹಾಕಿದರು. ಕೊಟ್ಟಿಗೆಯಲ್ಲಿ ಹಗ್ಗ ಕಿತ್ತುಕೊಂಡು ಎರಡು ದನ ಓಡಿಹೋದವು. ಪುರೋಹಿತರು ಶಾಂತವಾಗಿ ಹಾಡು ಮುಗಿಯುವ ತನಕ ಕಾದು, “ಇನ್ನು ವಾಸ್ತುಹೋಮದ ಅಗತ್ಯ ಕಾಣಲ್ಲ. ಇದ್ದ ಭೂತ ಎಲ್ಲಾ ಹೋಗಿರ್ತವೆ” ಎಂದರು. ಮಾವ ಅದನ್ನು ಮೆಚ್ಚುಗೆಯೆಂದೇ ತಿಳಿದು ವಿಜೇತರಿಗೆ ಪತ್ರ ಬರೆಸಿದರು.

ಸಮಾರಂಭ ದೀಪಾವಳಿ ಕಳೆದ ಭಾನುವಾರ ಸಂಜೆ ನಾಲ್ಕಕ್ಕೆ, ಅಂಗಡಿಯ ಮುಂದೆ. ಶಾಲು ಹಾಸಿದ ಒಂದು ಕಬ್ಬಿಣದ ಕುರ್ಚಿ ವಿಜೇತರಿಗೆ ಮೀಸಲು. ಆದರೆ ನಾಲ್ಕಕ್ಕೆ ಶುರುವಾಗುತ್ತಿರಲಿಲ್ಲ. ನಾಲ್ಕೂಕಾಲಿಗೆ ಶಿವಮೊಗ್ಗದ ಬಸ್ಸು ಬರಬೇಕು. ಬಸ್ಸಿನಿಂದ ಇಳಿಯುವ ಒಬ್ಬೊಬ್ಬರನ್ನೂ ಮಾವ ಕತ್ತು ಚಾಚಿ ನೋಡುತ್ತಿದ್ದರು. ಕೊಡೆ ಹಿಡಿದವರು, ಮಗು ಎತ್ತಿಕೊಂಡವರು, ಹುಲ್ಲು ಕೊಯ್ಯುವ ಕತ್ತಿಗೆ ಹೊಸ ಹಿಡಿ ಹಾಕಿಸಿಕೊಂಡು ಬಂದವರು. ಕೊನೆಗೆ ಕಂಡಕ್ಟರೂ ಇಳಿದ ಮೇಲೆ, “ಸರಿ, ಶುರು ಮಾಡುವ” ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಮಾವ ಮಾತ್ರ ಒಂದು ವರ್ಷವೂ ನಗಲಿಲ್ಲ. ಒಬ್ಬರಾದರೂ ಬಂದು, ಎದುರು ಕೂತು, ಕೈಯಾರೆ ತೆಗೆದುಕೊಂಡು ಹೋಗಬೇಕು ಎಂಬ ಆಸೆ ಅವರಿಗೆ ನಿಜವಾಗಿ ಇತ್ತು.

ಬಾರದವರ ಪರವಾಗಿ ಪ್ರಶಸ್ತಿ ಸ್ವೀಕರಿಸುತ್ತಿದ್ದವನು ನಾನು. ಏಳು ರಾಕ್ ತಂಡಗಳ ಸನ್ಮಾನ ಈ ಹೆಗಲ ಮೇಲೆ ಬಿದ್ದಿದೆ. ಬಾಳೆಹಣ್ಣು ನನಗೆ, ಶಾಲು ಮುಂದಿನ ವರ್ಷಕ್ಕೆ, ತಂಬಿಗೆ ಅಡುಗೆಕೋಣೆಗೆ. ಅಲ್ಲಿನ ಗೂಡಿನಲ್ಲಿ ಪ್ರಶಸ್ತಿಯ ಇತಿಹಾಸವೇ ಸಾಲಾಗಿ ಕೂತಿತ್ತು. ಮೂರನೇ ವರ್ಷದ್ದರಲ್ಲಿ ಮಜ್ಜಿಗೆ, ಐದನೆಯದರಲ್ಲಿ ಹುಣಸೆಹುಳಿ. ಅತ್ತೆ ಬಂದವರಿಗೆಲ್ಲ ನೀರು ಕೊಡುತ್ತಾ, ಈ ಮನುಷ್ಯ ನನಗೆ ಅಂತ ಒಂದು ಪಾತ್ರೆ ತಂದವರಲ್ಲ, ಎಲ್ಲ ಅಮೆರಿಕದವರು ಬಿಟ್ಟುಹೋದದ್ದು ಎನ್ನುತ್ತಿದ್ದರು. ಸಮಾರಂಭಕ್ಕೆ ಕಾಫಿ ಕಳಿಸುತ್ತಿದ್ದರೇ ಹೊರತು ಹೊಸ್ತಿಲು ದಾಟಿ ಬಂದವರಲ್ಲ.

ಎಂಟನೇ ವರ್ಷದ ಲೆಕ್ಕ ಶುರುವಾದ ವಾರವೇ ಎನ್.ಆರ್.ಪುರದಿಂದ ಒಬ್ಬಳು ಹುಡುಗಿ ಬಂದಳು. ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಅವಳು ಹಾಡುವುದು, ಅಣ್ಣನದು ಗಿಟಾರು, ಅಣ್ಣನ ಗೆಳೆಯನದು ಡ್ರಮ್ಮು. ತಾವೇ ಹಾಡಿ ತಾವೇ ಮಾಡಿದ ಹತ್ತು ಸೀಡಿಗಳನ್ನು ಮಾರಾಟಕ್ಕಿಟ್ಟು ಹೋದಳು. ಕೇಳಿ ನೋಡಿದರೆ ಶುದ್ಧ ಆಲ್ಟರ್‌ನೇಟಿವ್ ರಾಕ್! ಮಾವನಿಗೆ ಸ್ವರ್ಗ ಮೂರೇ ಗೇಣು. ಬಸ್ಸಿನಲ್ಲಿ ಬಂದು ಹೋಗಬಹುದಾದ ವಿಜೇತರು ಕೊನೆಗೂ ಸಿಕ್ಕಿದ್ದರು. ಮಾರಾಟವಾಗದಿದ್ದರೆ ಸಾಕು.

ಅಲ್ಲಿಂದ ಮಾವ ಆ ಸೀಡಿಗಳನ್ನು ಕಾವಲು ಕಾದರು. ಯಾರಾದರೂ ಕೈ ಹಾಕಿದರೆ, ಅದು ಬೇಡ, ತಲೆನೋವು ಬರುತ್ತದೆ ಎಂದು ಭಕ್ತಿಗೀತೆ ಕೊಟ್ಟು ಕಳಿಸುತ್ತಿದ್ದರು. ಶನಿವಾರ ಶನಿವಾರ ಆ ಹುಡುಗಿ ಬಂದು, “ಹೋಯ್ತಾ ಸಾರ್?” ಎಂದು ಕೇಳುತ್ತಿದ್ದಳು. ಮಾವ ಸಂತೋಷ ತಡೆಯಲಾರದೆ, “ಇಲ್ಲಮ್ಮ, ಒಂದೂ ಇಲ್ಲ” ಎನ್ನುತ್ತಿದ್ದರು. ಅವಳ ಮುಖ ಸಣ್ಣದಾಗುವುದು ಇವರಿಗೆ ಕಾಣುತ್ತಲೇ ಇರಲಿಲ್ಲ.

ಸಮಾರಂಭದ ಭಾನುವಾರ ಮೂವರೂ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬಂದು ಬೆಂಚಿನ ಮೇಲೆ ಕೂತರು. ಯಾಕೆ ಪ್ರಶಸ್ತಿ ಎಂದು ಅವರಿಗೆ ಗೊತ್ತಿರಲಿಲ್ಲ. ಶಿವಮೊಗ್ಗದ ಬಸ್ಸು ಅವತ್ತು ತಡ. ವಿಜೇತರು ಎದುರಿಗೇ ಇದ್ದರೂ ಮಾವ ರಸ್ತೆ ನೋಡುವುದನ್ನು ಬಿಡಲಿಲ್ಲ. ನಿಯಮದಂತೆ ಮೇಷ್ಟ್ರು ಸೀಡಿ ಎಣಿಸಿದರು. ಒಂಬತ್ತು. ಮತ್ತೆ ಎಣಿಸಿದರೂ ಒಂಬತ್ತೇ.

ಮಾವ ಟೈಲರನ್ನು ನೋಡಿದರು. ದೀಪಾವಳಿಗೆ ಮೊದಲಿನ ಗುರುವಾರ ಮಾವ ಮೈಕ್ ಸೆಟ್ಟು ಕಟ್ಟಲು ಶೃಂಗೇರಿಗೆ ಹೋದಾಗ ಅಂಗಡಿ ನೋಡಿಕೊಂಡವನು ಅವನೇ. ಒಬ್ಬರು ಕೇಳಿದರು, ಕೊಟ್ಟೆ, ಹೆಸರು ಹೇಳಬೇಡ ಎಂದಿದ್ದಾರೆ ಎಂದು ಅವನು ಕೊರಳಿನ ಅಳತೆ ಟೇಪನ್ನು ಸುತ್ತತೊಡಗಿದ.

ಮಾವ ತಂಬಿಗೆ ಹಿಡಿದುಕೊಂಡೇ ಆ ಹುಡುಗಿಗೆ ನಿಯಮವನ್ನು ವಿವರಿಸಿದರು. ಅವಳು ಪೂರ್ತಿ ಕೇಳಿಸಿಕೊಂಡು, “ಅಂದ್ರೆ ಒಂದು ಹೋಯ್ತಾ ಸಾರ್?” ಎಂದಳು.

“ಹೋಗಿದೆಯಮ್ಮ.”

ಅವಳು ಅಣ್ಣನ ಕೈ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರಿತ್ತು. ಏಳು ಸಲ ಶಾಲು ಹೊದ್ದ ನಾನು ಹೇಳುತ್ತೇನೆ, ಯಾವ ಪ್ರಶಸ್ತಿಗೂ ಒಬ್ಬರು ಹಾಗೆ ನಕ್ಕಿದ್ದನ್ನು ನಾನು ನೋಡಿಲ್ಲ. ಮಾವ ಆ ಮುಖವನ್ನು ಬಹಳ ಹೊತ್ತು ನೋಡಿದರು. ಇಷ್ಟು ಶನಿವಾರಗಳಲ್ಲಿ ಅವರು ಅದನ್ನು ಸರಿಯಾಗಿ ನೋಡಿದ್ದು ಅವತ್ತೇ ಇರಬೇಕು.

ಆಮೇಲೆ ನಿಧಾನವಾಗಿ, “ಹಂಗಾದ್ರೆ ಈ ತಂಬಿಗೆ ಸೀಡಿ ತಗಂಡವರಿಗೇ ಸೇರ್ಬೇಕು. ಯಾರು ಮಾರಾಯ ಅವರು?” ಎಂದರು.

ಟೈಲರ್ ಒಳಬಾಗಿಲಿನ ಕಡೆ ನೋಡಿದ. ಅಲ್ಲಿ ಅತ್ತೆ ಕಾಫಿ ತಟ್ಟೆ ಹಿಡಿದು ನಿಂತಿದ್ದರು.

“ನೀನಾ? ಎಂತಕ್ಕೆ?”

“ವಾರವಾರ ಬಂದು ಹೋಯ್ತಾ ಹೋಯ್ತಾ ಅಂತ ಕೇಳ್ತಿತ್ತು ಆ ಕೂಸು. ನೀವು ವರ್ಷವರ್ಷ ಬಸ್ ಕಾಯ್ತೀರಲ್ಲ, ಥೇಟ್ ಹಂಗೇ. ಒಳಗೆ ಕೂತು ಎಷ್ಟು ಅಂತ ಕೇಳ್ಲಿ?”

“ಹಾಡು ಕೇಳಿದ್ಯಾ?”

“ಎರಡು ಸಲ ಕೇಳ್ದೆ. ತಲೆನೋವು ಬಂತು.” ಕಾಫಿ ತಟ್ಟೆ ಸರಿಮಾಡಿಕೊಂಡು, “ಕೂಸಿನ ಸ್ವರ ಚೆನಾಗಿದೆ” ಎಂದರು.

ಮಾವ ತಾವೇ ಹೋಗಿ ಅತ್ತೆಯ ಕೈಯಿಂದ ತಟ್ಟೆ ತೆಗೆದು ನನಗೆ ಕೊಟ್ಟರು. ಅತ್ತೆ ಬೇಡ ಬೇಡ ಎನ್ನುತ್ತಲೇ ಹೊಸ್ತಿಲು ದಾಟಿದರು, ಆ ಕಬ್ಬಿಣದ ಕುರ್ಚಿಯ ತುದಿಯಲ್ಲಿ ಕೂತರು. ಮೇಷ್ಟ್ರು ನಮೂನೆಯನ್ನು ಓದಿದರು. ಮಿತಭಾಷಿ, ಸಮಯಪಾಲಕಿ, ಎಲ್ಲರ ಪ್ರೀತಿಗೆ ಪಾತ್ರರಾದವರು. ಎಂಟು ವರ್ಷಗಳಲ್ಲಿ ಮೊದಲ ಬಾರಿಗೆ ಅದರ ಒಂದಕ್ಷರವೂ ಸುಳ್ಳಾಗಿರಲಿಲ್ಲ. ಮಾವ ಶಾಲು ಹೊದಿಸಿದರು. ಅತ್ತೆ ತಂಬಿಗೆಯನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡು ಸೆರಗಿನಿಂದ ಒಮ್ಮೆ ಒರೆಸಿ, ಮಡಿಲಲ್ಲಿ ಇಟ್ಟುಕೊಂಡರು.

ಅಷ್ಟರಲ್ಲಿ ಶಿವಮೊಗ್ಗದ ಬಸ್ಸು ಬಂತು. ಜನ ಇಳಿದರು, ಕಂಡಕ್ಟರೂ ಇಳಿದ. ಮಾವ ತಿರುಗಿ ನೋಡಲಿಲ್ಲ.