‘ಬೈ’ ಅಂದರೆ ಯಾರು

ಗೋಡೆಗೆ ಸುಣ್ಣ ಹೊಡೆಯಲು ಬಂದವರು ಬೀರು ಸರಿಸದೆ ಇದ್ದಿದ್ದರೆ ಅಂಜಿನಮೂರ್ತಿಯ ಆ ಸೋಮವಾರ ಉಳಿದೆಲ್ಲ ಸೋಮವಾರಗಳ ಹಾಗೇ ಕಳೆದುಹೋಗುತ್ತಿತ್ತು. ಬೆಳಗ್ಗೆ ಆರೂವರೆಗೆ ಮಧುಗಿರಿಯಲ್ಲಿ ಬಸ್ಸು ಹತ್ತುವುದು, ಪಾವಗಡದ ಕಚೇರಿಯಲ್ಲಿ ದಿನವಿಡೀ ಟಪಾಲು ಬರೆಯುವುದು, ರಾತ್ರಿ ಎಂಟಕ್ಕೆ ಮನೆ ಸೇರಿ, ಹೆಂಡತಿ ರಾಧಾಮಣಿ ಬಡಿಸಿದ್ದನ್ನು ಅರ್ಧ ನಿದ್ದೆಯಲ್ಲೇ ಉಂಡು ಮಲಗುವುದು. ಆರು ವರ್ಷದಿಂದ ಇದೇ. ಮಗಳು ಅಪ್ಪನನ್ನು ಪೂರ್ತಿ ಎಚ್ಚರವಾಗಿ ನೋಡುತ್ತಿದ್ದುದು ಭಾನುವಾರ ಮಾತ್ರ. ಮಧುಗಿರಿಯ ಕಚೇರಿಯಲ್ಲಿ ಗುಮಾಸ್ತನ ಜಾಗವೊಂದು ಖಾಲಿ ಇತ್ತು. ಅದಕ್ಕಾಗಿ ಅವನು ಬರೆದುಕೊಟ್ಟ ವರ್ಗಾವಣೆ ಅರ್ಜಿ ಮೂರು ತಿಂಗಳಿಂದ ಸಾಹೇಬರ ಮೇಜಿನ ಮೇಲೆ ಅಲ್ಲಾಡದೆ ಕೂತಿತ್ತು.

ಬೀರು ಸರಿದಾಗ ಹಿಂದಿನ ಗೋಡೆಯಲ್ಲಿ ಒಂದು ಹಳೇ ಪೋಸ್ಟರ್ ಕಾಣಿಸಿತು. ಮೂವತ್ತೈದು ವರ್ಷದ ಹಿಂದೆ ಹಳ್ಳಿ ಹಳ್ಳಿಯಲ್ಲಿ ಅಕ್ಷರ ಕಲಿಸುತ್ತಿದ್ದ ಕಾಲದ್ದು. ಬಂಡೆಯ ಮೇಲೆ ಕೂತು ಪುಸ್ತಕ ಓದುತ್ತಿರುವ ಕುರಿ ಕಾಯುವ ಹೆಂಗಸು, ಸುತ್ತ ಕುರಿಗಳು, ಅದರಲ್ಲೊಂದು ಕುರಿ ಮೆಲ್ಲಗೆ ಪುಸ್ತಕದ ಹಾಳೆ ಜಗಿಯುತ್ತಿದೆ. ಬಣ್ಣವೆಲ್ಲ ಹಾರಿ, ಇಡೀ ಚಿತ್ರ ನೂರು ಸಲ ಒಗೆದ ಲುಂಗಿಯ ಹಾಗೆ ತಿಳಿನೀಲಿಯಾಗಿತ್ತು.

ಸಾಹೇಬರಾದ ಪ್ರಭುದೇವ್ ಅವರು ಕನ್ನಡಕ ಏರಿಸಿ ಹತ್ತು ನಿಮಿಷ ನೋಡಿದರು. "ಆ ಕುರಿಯ ಕಣ್ಣು ನೋಡ್ರೀ. ತಪ್ಪು ಮಾಡ್ತಿದೀನಿ ಅಂತ ಅದಕ್ಕೆ ಗೊತ್ತಿದೆ. ಜಿಲ್ಲಾ ಕಚೇರಿಯವರು ಹಳೇ ಪೋಸ್ಟರ್‌ಗಳ ಪ್ರದರ್ಶನ ಮಾಡ್ತಿದಾರೆ. ಆದರೆ ಕಲಾವಿದರ ಹೆಸರಿಲ್ಲದೆ ತಗೊಳ್ಳಲ್ಲ. ಇವತ್ತು ಸಂಜೆ ಐದೇ ಕೊನೆ."

ಹೆಸರಿನ ಜಾಗದಲ್ಲಿ, ಬಲಮೂಲೆಯ ತುದಿಯಲ್ಲಿ, ಇದ್ದದ್ದು ಒಂದೇ ಅಕ್ಷರ: ‘ಬೈ’. ಅದರಾಚೆ ಕಾಗದವೇ ಇರಲಿಲ್ಲ. ಕೆಳಗೆ ಸಣ್ಣದಾಗಿ ಕೊರಟಗೆರೆಯ ಒಂದು ಪ್ರೆಸ್ಸಿನ ಹೆಸರಿತ್ತು. ಆ ಪ್ರೆಸ್ಸು ಮುಚ್ಚಿ ಎಷ್ಟೋ ಕಾಲವಾಗಿತ್ತು.

"ಬೈ ಅಂದ್ರೆ ಇಂಗ್ಲಿಷಿನ ಬೈ ಸಾರ್. ಇಂಥವರಿಂದ ಅಂತ," ಎಂದರು ಟೈಪಿಸ್ಟ್ ಗಂಗಾಂಬಿಕಾ.

"ಅದಿ ಕಾದು ಮೇಡಂ, ಅದಲ್ಲ," ಎಂದ ತೆಲುಗು ಬೆರೆಸಿ ಮಾತಾಡುವ ಜವಾನ ಯತ್ತಪ್ಪ. "ಕುರಿ ಪುಸ್ತಕ ತಿಂತಾ ಐತಲ್ಲ, ದಾನ್ನಿ, ಆ ಕುರೀನ, ಬೈ ಅಂತ ಬರ್ದವ್ರೆ."

ಸಾಹೇಬರು ಇಬ್ಬರನ್ನೂ ಬಿಟ್ಟು ಅಂಜಿನಮೂರ್ತಿಯ ಕಡೆ ತಿರುಗಿದರು. "ಮೂರ್ತಿ, ಮಧುಗಿರಿ, ಕೊರಟಗೆರೆ ಕಡೆಯೆಲ್ಲ ನಿಮಗೆ ಗೊತ್ತು. ಹೋಗಿ ಹೆಸರು ಪತ್ತೆ ಮಾಡ್ಕೊಂಡು ಬನ್ನಿ. ಇದೊಂದು ಆದರೆ ಮಧುಗಿರಿ ವರ್ಗಾವಣೆ ಕೆಲಸವೂ ಆದ ಹಾಗೇ."

ಗಂಗಾಂಬಿಕಾಗೆ ಆಗ ನೆನಪಾಯಿತು. ಅವರ ತವರಿನ ಹತ್ತಿರ, ಕೊಳಾಲದಲ್ಲಿ, ಬೈಲಪ್ಪ ಅಂತ ಒಬ್ಬರು ಅಂಗಡಿ ಬೋರ್ಡು ಬರೆಯುತ್ತಿದ್ದರಂತೆ. ಅಂಜಿನಮೂರ್ತಿ ಮುಂದಿನದನ್ನು ಕೇಳಲು ನಿಲ್ಲಲಿಲ್ಲ. ಪೋಸ್ಟರನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದ.

ಮೂರು ಬಸ್ಸು ಬದಲಾಯಿಸಿ ಕೊಳಾಲದಲ್ಲಿ ಇಳಿದಾಗ ಗಂಟೆ ಎರಡು ದಾಟಿತ್ತು. ಬಸ್ಸು ನಿಲ್ಲುವ ಕಡೆಯ ಟೀ ಅಂಗಡಿಯ ಮರುಳಸಿದ್ದಯ್ಯ ವಿಷಯವನ್ನು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಎದ್ದು ಚಪ್ಪಲಿ ಮೆಟ್ಟಿದ.

"ಬೈಲಪ್ಪ ಬೇಕಾ? ನಮ್ಮೂರಾಗೆ ಮೂವರು ಅವ್ರೆ. ಅದ್ರಾಗೆ ಒಬ್ಬ ತೀರ್ಕಂಡ. ಉಳಿದೋರಲ್ಲಿ ಯಾವನು ಅಂತ ನೋಡೇಬುಡಾನ ಬನ್ನಿ."

ದಾರಿಯಲ್ಲಿ ಸಿಕ್ಕವರಿಗೆಲ್ಲ ಅವನು, "ಸರ್ಕಾರದೋರು ಬೈಲಪ್ಪನ್ನ ಹುಡುಕ್ಕಂಡು ಬಂದವ್ರೆ" ಎನ್ನುತ್ತ ಹೋದ. ಮೊದಲ ತಿರುವಿನಲ್ಲಿ ಅದು ಬೈಲಪ್ಪನಿಗೆ ಸನ್ಮಾನ ಎಂದಾಯಿತು. ಎರಡನೇ ತಿರುವು ದಾಟುವಾಗ ಬೈಲಪ್ಪನಿಗೆ ಸೈಟು ಎಂದಾಯಿತು. ಮೊದಲನೇ ಬೈಲಪ್ಪನ ಮನೆ ಮುಟ್ಟುವ ಹೊತ್ತಿಗೆ ಹಿಂದೆ ಹನ್ನೆರಡು ಜನ ಇದ್ದರು, ಅದರಲ್ಲಿ ಇಬ್ಬರು ತಮ್ಮ ತಾತನ ಹೆಸರೂ ಬೈಲಪ್ಪನೇ ಎಂದು ವಾದಿಸುತ್ತಿದ್ದರು.

ಆ ಬೈಲಪ್ಪ ಕುರಿ ಸಾಕುವವನು. ಸುದ್ದಿ ಅವನನ್ನು ಆಗಲೇ ತಲುಪಿತ್ತು. ಒಗೆದ ಅಂಗಿ ತೊಟ್ಟು ಜಗಲಿಯಲ್ಲಿ ಕೂತಿದ್ದ.

"ಈ ಚಿತ್ರ ನೀವು ಬರೆದದ್ದಾ?" ಎಂದು ಅಂಜಿನಮೂರ್ತಿ ಪೋಸ್ಟರ್ ಬಿಚ್ಚಿದ.

"ನಾನೇ ಬರ್ದಿದ್ದು."

"ಯಾವಾಗ?"

"ಬರ್ದಾಗ."

"ಯಾವುದರಲ್ಲಿ ಬರೆದ್ರಿ?"

ಬೈಲಪ್ಪ ಸ್ವಲ್ಪ ಯೋಚಿಸಿದ. "ಕೈಯಾಗೆ."

ಜನ ತಲೆದೂಗಿದರು. ಇವನಲ್ಲ ಎಂದು ಹೇಗೆ ನಯವಾಗಿ ಹೇಳುವುದೆಂದು ಅಂಜಿನಮೂರ್ತಿ ಒದ್ದಾಡುತ್ತಿರುವಾಗ, ಬೆನ್ನ ಹಿಂದೆ ಏನೋ ಚರ್ ಎಂದಿತು. ತಿರುಗಿದರೆ ಕೊಟ್ಟಿಗೆಯಿಂದ ಕತ್ತು ಚಾಚಿದ ಟಗರೊಂದು ಪೋಸ್ಟರಿನ ಬಲಮೂಲೆಯನ್ನು ಹರಿದುಕೊಂಡು ನಿಧಾನವಾಗಿ ಜಗಿಯುತ್ತಿತ್ತು. ಇದ್ದ ಒಂದೇ ಸಾಕ್ಷಿ ‘ಬೈ’ ಅದರ ಹೊಟ್ಟೆ ಸೇರಿತು.

ಅಂಜಿನಮೂರ್ತಿ ಹರಿದ ಅಂಚು ಹಿಡಿದುಕೊಂಡು ಜಗಲಿಯ ಮೇಲೆ ಕೂತ. ಸರ್ಕಾರಿ ಆಸ್ತಿಯನ್ನು ಟಗರು ತಿಂದಿದೆ ಎಂದು ಯಾವ ನಮೂನೆಯಲ್ಲಿ ಬರೆದುಕೊಡಬೇಕೋ ಅವನಿಗೆ ತಿಳಿಯಲಿಲ್ಲ. ಬೈಲಪ್ಪ ಮಾತ್ರ ಗಾಬರಿಯಾಗಲಿಲ್ಲ. "ಬುಡಿ ಸಾಮಿ, ನಾನೇ ಬರ್ದಿದ್ದಲ್ವಾ, ನಂಗೇನೂ ಬೇಜಾರಿಲ್ಲ," ಎಂದು ಸಮಾಧಾನ ಹೇಳಿದ.

ಮರುಳಸಿದ್ದಯ್ಯ ಅಂಜಿನಮೂರ್ತಿಯನ್ನು ರಟ್ಟೆ ಹಿಡಿದು ಎಬ್ಬಿಸಿ ಇನ್ನೊಬ್ಬ ಬೈಲಪ್ಪನ ಮನೆಗೆ ಎಳೆದುಕೊಂಡು ಹೋದ. ಆಗ ಮೂರೂವರೆ. ಈತ ನಿಜವಾಗಿಯೂ ಬೋರ್ಡು ಬರೆಯುತ್ತಿದ್ದವನು. ಬಾಗಿಲ ಮೇಲಿನ ಮನೆ ಹೆಸರಿನ ಅಕ್ಷರಗಳು ಅಚ್ಚು ಹಾಕಿದಂತಿದ್ದವು. ಪೋಸ್ಟರ್ ನೋಡುತ್ತಲೇ ಮುದುಕನ ಮುಖ ಅರಳಿತು.

"ಅಯ್ಯೋ, ಇದಿನ್ನೂ ಐತಾ? ನಂದೇ ಕಣಪ್ಪ ಇದು."

ಅಂಜಿನಮೂರ್ತಿ ಈಗ ಹುಷಾರಾಗಿದ್ದ. ಜೇಬಿನಿಂದ ಕಾಗದ, ಪೆನ್ಸಿಲು ತೆಗೆದು ಮುಂದಿಟ್ಟ. "ತಪ್ಪು ತಿಳೀಬೇಡಿ ಯಜಮಾನ್ರೇ. ಒಂದು ಕುರಿ ಬರೆದು ತೋರಿಸಿ."

ಬೈಲಪ್ಪ ಜನರನ್ನು ನೋಡಿದ, ಕಾಗದ ನೋಡಿದ, ಕಣ್ಣು ಮಂಜು ಎಂದ, ಕೈ ನಡುಕ ಎಂದ. ಕೊನೆಗೆ ಬರೆದ. ಮಂಚಕ್ಕೆ ಮೂತಿ ಬಂದ ಹಾಗಿತ್ತು.

ಒಳಗಿನಿಂದ ನಗು ಕೇಳಿಸಿತು. ಅವನ ಹೆಂಡತಿ ಈಶ್ವರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಗಂಡನ ಕೈಯಿಂದ ಪೆನ್ಸಿಲು ತೆಗೆದುಕೊಂಡಳು. ನಿಂತುಕೊಂಡೇ, ಗೋಡೆಗೆ ಕಾಗದ ಒತ್ತಿ, ನಾಲ್ಕು ಗೆರೆ ಎಳೆದಳು. ಕುರಿ ಕಾಗದದಿಂದ ತಲೆಯೆತ್ತಿ ಅಂಜಿನಮೂರ್ತಿಯನ್ನೇ ನೋಡಿತು. ಕಣ್ಣಲ್ಲಿ ಅದೇ ಕಳ್ಳತನ.

ಹನ್ನೆರಡು ಜನರೂ ಕಾಗದ ನೋಡಲು ಮುಂದೆ ನುಗ್ಗಿದರು.

"ಅಕ್ಷರ ನಂದು," ಎಂದ ಬೈಲಪ್ಪ ತಗ್ಗಿದ ದನಿಯಲ್ಲಿ. "ಚಿತ್ರ ಅವಳ್ದು."

"ಮತ್ತೆ ‘ಬೈ’ ಅಂತ ಇತ್ತಲ್ಲಮ್ಮ?"

"‘ಬೈ. ಈಶ್ವರಮ್ಮ’ ಅಂತ ಬರ್ದಿದ್ದೆ ಕಣಪ್ಪ. ಪ್ರೆಸ್‌ನೋರು ಅಂಚು ಕತ್ತರ್ಸುವಾಗ ನಾನು ಹೋದೆ, ಇವ್ರು ಉಳ್ಕಂಡ್ರು." ಅವಳು ಪೋಸ್ಟರನ್ನು ಬೆಳಕಿಗೆ ಹಿಡಿದಳು. "ಇವ್ಳು ನಮ್ಮ ನಾದಿನಿ. ಪುಸ್ತಕ ತಲೆಕೆಳಗಾಗಿ ಹಿಡ್ಕಂಡು ಕುಂತಿದ್ಲು, ನಾನು ಚಿತ್ರದಾಗೆ ಸರಿ ಮಾಡ್ದೆ. ಸೀರೆಗೆ ಅರಿಶಿನದ ಬಣ್ಣ ಹಾಕಿದ್ದೆನಲ್ಲ, ನೀಲಿ ಹೆಂಗಾತು?"

"ಬಿಸಿಲಿಗೆ ಅಮ್ಮ. ಬೀರು ಅಡ್ಡ ಇಡೋ ಮುಂಚೆ ಪಾವಗಡದ ಬಿಸಿಲು ಬೀಳ್ತಿತ್ತು."

"ಅಂಗಾದ್ರೆ ಬಣ್ಣದ ತಪ್ಪಲ್ಲ ಬುಡು."

ಅಂಜಿನಮೂರ್ತಿ ಪೆನ್ನು ಕೊಟ್ಟ. ಟಗರು ತಿಂದ ಜಾಗದ ಪಕ್ಕದಲ್ಲಿ ಅವಳು ಒಂದೊಂದೇ ಅಕ್ಷರ ಜೋಡಿಸಿ ತನ್ನ ಹೆಸರು ಬರೆದಳು. ಈ ಸಲ ‘ಬೈ’ ಹಾಕಲಿಲ್ಲ. ಬರೆದ ಮೇಲೆ ದೂರ ಹಿಡಿದು ನೋಡಿ, ಗಂಡನಿಗೂ ತೋರಿಸಿದಳು. ಮುದುಕ ಕಣ್ಣು ಮಂಜೆಂದು ಮರೆತು, "ಒತ್ತಕ್ಷರ ಚೆನ್ನಾಗಿ ಬಂದೈತೆ," ಎಂದ.

ನಾಲ್ಕು ಐವತ್ತಕ್ಕೆ ಪೋಸ್ಟರಿನ ಜೊತೆ ನಿಂತ ಈಶ್ವರಮ್ಮನ ಫೋಟೊ ಸಾಹೇಬರ ಫೋನಿಗೆ ಹೋಯಿತು. ಹರಿದ ಮೂಲೆಯ ಮೇಲೆ ಅಂಜಿನಮೂರ್ತಿ ಹೆಬ್ಬೆರಳಿಟ್ಟು ಹಿಡಿದಿದ್ದ. ಪ್ರದರ್ಶನದ ದಿನ ಕಾರಲ್ಲಿ ಕರೆದುಕೊಂಡು ಹೋಗುತ್ತಾರೆ ಎಂದು ಅವಳಿಗೆ ಮಾತು ಕೊಟ್ಟು, ಕಾಫಿ ಕುಡಿದು, ಬಸ್ಸು ಹತ್ತಿದ. ಕೊರಟಗೆರೆ ದಾಟಿದ ಮೇಲೆ ಫೋನು ಬಂತು.

"ಭೇಷ್ ಮೂರ್ತಿ," ಎಂದರು ಸಾಹೇಬರು. "ಫೋಟೊ ನೋಡಿ ಜಿಲ್ಲಾ ಕಚೇರಿಯವರು ಕುಣಿದಾಡಿಬಿಟ್ಟರು. ಇಡೀ ಪ್ರದರ್ಶನದಲ್ಲಿ ಬದುಕಿರೋ ಕಲಾವಿದೆ ಅವರೊಬ್ಬರೇ ಅಂತೆ. ವರ್ಗಾವಣೆನೂ ಆಯ್ತು ಕಣ್ರೀ. ಈಗ ಆರ್ಡರ್ ಬಂತು. ಮಧುಗಿರಿಗೇ."

ಅಂಜಿನಮೂರ್ತಿಗೆ ಬಸ್ಸಿನ ಗದ್ದಲವೆಲ್ಲ ನಿಂತಂತಾಯಿತು. ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದವನ ಕೈ ಹಿಡಿದುಕೊಂಡ. "ಯಾವತ್ತಿಂದ ಸಾರ್?"

"ಗುರುವಾರ ಹೋಗಿ ಚಾರ್ಜ್ ತಗೋತೀನಿ."

"ತಗೋತೀನಿ ಅಂದ್ರೆ, ಯಾರು ಸಾರ್?"

"ನಾನೇ. ಈ ಬಿಸಿಲು ನನಗೆ ಒಗ್ಗಲಿಲ್ಲ ಅಂತ ಬಂದ ವಾರದಲ್ಲೇ ಬರೆದುಕೊಂಡಿದ್ದೆ. ನಿಮ್ಮಿಂದ ಕೆಲಸ ಆಯ್ತು. ಋಣ ಮರೆಯಲ್ಲ."

ಅಂಜಿನಮೂರ್ತಿ ಪಕ್ಕದವನ ಕೈ ಬಿಟ್ಟ. "ನನ್ನ ಅರ್ಜಿ ಸಾರ್?"

"ಅದಕ್ಕೆ ಇನ್ನು ನಾನು ಸಹಿ ಹಾಕೋ ಹಾಗಿಲ್ಲವಲ್ಲ ಮೂರ್ತಿ. ಹೊಸ ಸಾಹೇಬರು ಬರಲಿ. ಅಲ್ಲೀತನಕ ಕಚೇರಿ ನೀವೇ ನೋಡ್ಕೊಳ್ಳಿ, ರಜ ಗಿಜ ಹಾಕಬೇಡಿ. ಆಮೇಲೆ ಇನ್ನೊಂದು ಸಣ್ಣ ಕೆಲಸ ಇತ್ತು."

ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಬಾಗಿಲಲ್ಲಿ ಆಡುತ್ತಿದ್ದ ಮಗಳು ಅಪ್ಪನನ್ನು ಕಂಡು, "ಅಮ್ಮ, ಇವತ್ತು ಭಾನುವಾರನಾ?" ಎಂದು ಕೂಗಿದಳು. ರಾಧಾಮಣಿ ಹೊರಗೆ ಬಂದಳು. ಅಂಜಿನಮೂರ್ತಿ ಚಪ್ಪಲಿ ಬಿಡುತ್ತ ಕೇಳಿದ.

"ನಮ್ಮ ಬೀದೀಲಿ ಯಾವುದಾದ್ರೂ ಒಳ್ಳೆ ಮನೆ ಬಾಡಿಗೆಗೆ ಇದೆಯೇನೇ?"

"ಇದ್ಯಾಕ್ರೀ, ಯಾರಿಗೆ?"

"ನಮ್ಮ ಸಾಹೇಬರಿಗೆ. ಆಫೀಸಿಗೆ ನಡ್ಕೊಂಡೇ ಹೋಗೋ ಹಾಗಿರಬೇಕಂತೆ. ದಿನಾ ಬಸ್ಸಲ್ಲಿ ಓಡಾಡೋದು ಮನುಷ್ಯರ ಕೈಲಿ ಆಗೋ ಕೆಲಸ ಅಲ್ಲ ಅಂದ್ರು."