ನೇರೋಳಡ್ಕ ಪಂಚಾಯತು ಕಚೇರಿಯ ಅಲುಗಾಟ ನಿಯಮ

ಇಂಧನ ಉಳಿತಾಯದಲ್ಲಿ ನೇರೋಳಡ್ಕ ಗ್ರಾಮ ಪಂಚಾಯತು ಕಚೇರಿಗೆ ಈ ವರ್ಷ ಪ್ರಥಮ ಸ್ಥಾನ ಲಭಿಸಿದೆ. ಅದೇ ಕಚೇರಿಯ ಜಗಲಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಜನರಿಗೆ ಅರ್ಜಿ ಬರೆದುಕೊಡುತ್ತಿರುವ ನಾನು ಎಲ್ಲವನ್ನೂ ಕಣ್ಣಾರೆ ಕಂಡವನು. ಊರಿನವರು ಏನೇನೋ ಹೇಳುತ್ತಾರೆ. ಅವರಿಗೆ ಬೇರೆ ಕೆಲಸವಿಲ್ಲ.

ಸರಕಾರದ ಧನಸಹಾಯದಿಂದ ನಮ್ಮ ಕಚೇರಿ ಸ್ಮಾರ್ಟ್ ಕಟ್ಟಡವಾದದ್ದು ಜೂನ್ ತಿಂಗಳಲ್ಲಿ. ಸೀಲಿಂಗಿಗೆ ಒಂದು ಬಿಳಿ ಯಂತ್ರ ಅಂಟಿಸಿದರು. ಮೂರು ನಿಮಿಷ ಯಾರೂ ಅಲುಗಾಡದಿದ್ದರೆ ಕೋಣೆಯಲ್ಲಿ ಮನುಷ್ಯರಿಲ್ಲವೆಂದು ತಿಳಿದು ಅದು ದೀಪ, ಫ್ಯಾನು, ಕಂಪ್ಯೂಟರು ಎಲ್ಲವನ್ನೂ ತಾನೇ ಆರಿಸುತ್ತದೆ; ಯಾರಾದರೂ ಅಲುಗಾಡಿದರೆ ತಾನೇ ಮತ್ತೆ ಹೊತ್ತಿಸುತ್ತದೆ. ಹತ್ತು ಗಂಟೆಗೆ ಉದ್ಘಾಟನೆಯಾಯಿತು. ಹತ್ತೂಕಾಲಿಗೆ ಕಚೇರಿ ಕತ್ತಲಾಯಿತು. ಒಳಗೆ ಹನ್ನೊಂದು ಮಂದಿ ಸಿಬ್ಬಂದಿ ಕರ್ತವ್ಯದಲ್ಲಿದ್ದರು.

ಕಂಪೆನಿಯಿಂದ ಬಂದ ಇಂಜಿನಿಯರ್ ಜಿತೇಂದ್ರ ಏಣಿ ಹತ್ತಿ ಪರೀಕ್ಷಿಸಿ, ಯಂತ್ರದಲ್ಲಿ ಯಾವ ದೋಷವೂ ಇಲ್ಲವೆಂದು ಬರೆದುಕೊಟ್ಟ. ಅವನು ಏಣಿಯ ಮೇಲಿದ್ದಷ್ಟು ಹೊತ್ತು ದೀಪ ಚೆನ್ನಾಗಿಯೇ ಉರಿಯಿತು.

ಸೆಕ್ರೆಟರಿ ವಿಷ್ಣುಪ್ರಸಾದರು ತುರ್ತು ಸಭೆ ಕರೆದರು. ಕೈಕಾಲು ಆಡಿಸುವುದು ತಮ್ಮ ಕರ್ತವ್ಯಪಟ್ಟಿಯಲ್ಲಿ ಇಲ್ಲವೆಂದು ಸಿಬ್ಬಂದಿ ಒಕ್ಕೊರಲಿನಿಂದ ಹೇಳಿದರು. ನ್ಯಾಯವೇ. ಮರುದಿನ ಗೋಡೆಯ ಮೇಲೆ ಪ್ರಕಟಣೆ ಬಂತು:

“ಅರ್ಜಿದಾರರು ತಮ್ಮ ಕೆಲಸ ಮುಗಿಯುವವರೆಗೆ ಕೌಂಟರಿನ ಮುಂದೆ ನಿಂತು ಅಲುಗಾಡತಕ್ಕದ್ದು. ಅರವತ್ತು ದಾಟಿದವರು ಕುಳಿತು ಅಲುಗಾಡಬಹುದು. ಅಲುಗಾಡದವರ ಅರ್ಜಿಗಳನ್ನು ಪರಿಗಣಿಸಲಾಗುವುದಿಲ್ಲ.”

ಆ ವಾರವೇ ಬಂದವಳು ಮೋಹಿನಿ. ಹೊಸ ಮನೆ ಕಟ್ಟಿ ಮುಗಿಸಿದ್ದಳು. ಪಂಚಾಯತು ಮನೆಗೆ ನಂಬರು ಕೊಡಬೇಕು. ನಂಬರು ಸಿಗದೆ ಕರೆಂಟಿಲ್ಲ. ಗಂಡ ಲೋಕನಾಥ ಶಾರ್ಜಾದಿಂದ ಕಳಿಸಿದ ದುಡ್ಡಿನಲ್ಲಿ ಕೊಂಡ ಫ್ರಿಜ್ಜು ಚಾವಡಿಯಲ್ಲಿ ಪೆಟ್ಟಿಗೆಯೊಳಗೇ ನಿಂತಿತ್ತು.

“ದೀಪಾವಳಿಗೆ ಅವರು ಬರ್ತಾರೆ ಸರ್. ಆ ಫ್ರಿಜ್ಜಿನ ಒಂದು ಗ್ಲಾಸು ತಣ್ಣಗಿನ ನೀರು ಕೊಡ್ಬೇಕು ಅಂತ ಆಸೆ ನಂಗೆ. ಮತ್ತೆಂತದೂ ಬೇಡ.”

“ಕೊಡುವ ಮೋಹಿನಿಯಕ್ಕ, ಕೊಡುವ,” ಎಂದ ಗುಮಾಸ್ತ ಗಣೇಶಪ್ರಸಾದ. “ನೀವು ಅಲುಗಾಡಿ.”

ಅವಳು ಅರ್ಧ ಗಂಟೆ ಎರಡೂ ಕೈ ಬೀಸಿದಳು. ಕಂಪ್ಯೂಟರು ಎದ್ದು ಅವಳ ಹೆಸರಿನವರೆಗೆ ಬಂದಾಗ ಸುಸ್ತಾಗಿ ಕಂಬಕ್ಕೆ ಒರಗಿದಳು. ಮೂರು ನಿಮಿಷಕ್ಕೆ ಎಲ್ಲವೂ ಆರಿತು. ಇನ್ನು ಮೊದಲಿನಿಂದ ಆಗಬೇಕು, ನಾಳೆ ಬನ್ನಿ ಎಂದರು.

ಮರುದಿನ ಅವಳು ಅಣ್ಣ ಸುಕುಮಾರನನ್ನು ಕರೆತಂದಳು. ಅವನು ಯಕ್ಷಗಾನ ಮೇಳದಲ್ಲಿ ಕುಣಿತಕ್ಕೆ ಹೆಸರಾದ ಪುಂಡುವೇಷ ಮಾಡುವವ. ಮೇ ಕೊನೆಯ ಪತ್ತನಾಜೆ ಕಳೆದು ಮೇಳದ ತಿರುಗಾಟ ನಿಂತರೆ ಮಳೆಗಾಲವಿಡೀ ಮನೆಯಲ್ಲೇ. ಗೆಜ್ಜೆ ಕಟ್ಟಿ ಬಂದವನೇ ಕೌಂಟರಿನ ಮುಂದೆ ಗಿರಗಿರನೆ ಸುತ್ತಿ ಹಾರುವ ದಿಗಿಣ ಹಾಕತೊಡಗಿದ. ಒಂದಲ್ಲ, ಎರಡಲ್ಲ, ನಲವತ್ತು! ಅಬ್ಬ, ಎಂತಹ ಬೆಳಕು! ಫ್ಯಾನಿನ ಗಾಳಿಗೆ ಕಾಗದಗಳೆಲ್ಲ ಹಾರಿದವು. ಸಿಬ್ಬಂದಿ ಪೆನ್ನು ಕೆಳಗಿಟ್ಟು ನೋಡಿದರು. ಪಕ್ಕದ ಕಚೇರಿಗಳವರೂ ಕುರ್ಚಿ ಹಿಡಿದುಕೊಂಡು ಬಂದರು.

“ಸರ್, ನನ್ನ ಫೈಲು?” ಎಂದು ಮೋಹಿನಿ ಕೇಳಿದಳು.

“ಆಟ ನಡೀತಿರುವಾಗ ಫೈಲು ನೋಡುವುದುಂಟಾ ಮಾರಾಯ್ತಿ? ಕಲಾವಿದರಿಗೆ ಅವಮಾನ ಅಲ್ವಾ?” ಎಂದ ಗಣೇಶಪ್ರಸಾದ.

ಹೀಗೆ ಒಂದು ತಿಂಗಳು ನಡೆಯಿತು. ಸುಕುಮಾರ ಐದು ಕಿಲೋ ಇಳಿದ, ಮೀಟರು ಏರಿತು. ಉಳಿತಾಯದ ಕಚೇರಿಯಲ್ಲಿ ಖರ್ಚು ಇಮ್ಮಡಿಯಾದದ್ದೇಕೆ ಎಂದು ಮೇಲಿನಿಂದ ಪತ್ರ ಬಂತು. ವಿಷ್ಣುಪ್ರಸಾದರು ಅಂದೇ ಹೊಸ ಪ್ರಕಟಣೆ ಹೊರಡಿಸಿದರು: “ಕಚೇರಿಯ ಆವರಣದಲ್ಲಿ ಅಲುಗಾಡುವುದನ್ನು ಕಡ್ಡಾಯವಾಗಿ ನಿಷೇಧಿಸಲಾಗಿದೆ.” ಸಿಬ್ಬಂದಿಗೆ ಇದರಿಂದ ಯಾವ ತೊಂದರೆಯೂ ಆಗಲಿಲ್ಲ. ಮೂರು ತಿಂಗಳು ಒಂದು ದೀಪವೂ ಉರಿಯದೆ ಬಹುಮಾನ ತಾನಾಗಿ ಬಂತು.

ಬಹುಮಾನ ಪಡೆದ ಪಂಚಾಯತು ಒಂದು ಮಾದರಿ ಮನೆಯನ್ನೂ ಆರಿಸಬೇಕೆಂದು ನಿಯಮ. ಆಗ ಮೋಹಿನಿಯ ಫೈಲು ಮೊದಲ ಬಾರಿಗೆ ತೆರೆಯಲ್ಪಟ್ಟಿತು, ಟಾರ್ಚಿನ ಬೆಳಕಿನಲ್ಲಿ. ಕಟ್ಟಿದಂದಿನಿಂದ ವಿದ್ಯುತ್ ಬಳಕೆ: ಸೊನ್ನೆ. ಸೆಕ್ರೆಟರಿಯವರ ಕಣ್ಣು ತುಂಬಿ ಬಂತು.

ಬಹುಮಾನ ಸಮಾರಂಭದ ವೇದಿಕೆಯ ಮೇಲೆಯೇ ಮೋಹಿನಿ ಸಿಡಿದಳು. “ಎಂತ ಬಹುಮಾನ ಸರ್? ಹೊಟ್ಟೆ ಉರೀತಾ ಉಂಟು ನಂಗೆ! ನಂಬರು ಕೊಡಿ, ಕರೆಂಟು ಬರ್ಲಿ!”

“ಕರೆಂಟು ಬಂದ್ರೆ ಸೊನ್ನೆ ಹೋಗ್ತದಲ್ಲಮ್ಮ,” ಎಂದರು ವಿಷ್ಣುಪ್ರಸಾದರು ಮೆತ್ತಗೆ. “ಐದು ವರ್ಷ ಕಾಪಾಡ್ಬೇಕು. ಇಡೀ ಪಂಚಾಯತಿನ ಮರ್ಯಾದೆ ನಿಮ್ಮ ಕೈಯಲ್ಲುಂಟು.”

ಊರಿಗೆ ಊರೇ ಚಪ್ಪಾಳೆ ತಟ್ಟಿತು. ಚಪ್ಪಾಳೆ ಕೇಳಿದರೆ ಯಾರಾದರೂ ಸ್ವಲ್ಪ ಕರಗುತ್ತಾರೆ. ಶಾಲು, ಹಣ್ಣಿನ ಬುಟ್ಟಿ, ಹಿತ್ತಾಳೆಯ ಫಲಕ, ಜೊತೆಗೆ ಪೂರ್ತಿ ಸಬ್ಸಿಡಿಯಲ್ಲಿ ಒಂದು ಬಿಳಿ ಯಂತ್ರ ಸಿಕ್ಕಿತು. ಅದನ್ನು ಅವಳ ಚಾವಡಿಯಲ್ಲಿ ಜಿತೇಂದ್ರನೇ ಬಂದು ಅಂಟಿಸಿದ. ಅಂದಿನಿಂದ ಆ ಮನೆಯಲ್ಲಿ ಒಂದು ದೀಪವೂ ಅನವಶ್ಯಕವಾಗಿ ಉರಿದಿಲ್ಲ.

ದೀಪಾವಳಿಗೆ ಲೋಕನಾಥ ಬಂದ. ನನ್ನನ್ನೂ ಊಟಕ್ಕೆ ಕರೆದಿದ್ದರು. ಮೋಹಿನಿ ಅವನಿಗೆ ಬಾವಿಯ ನೀರು ಕೊಟ್ಟಳು. ಆಮೇಲೆ ಫ್ರಿಜ್ಜಿನ ಬಾಗಿಲು ತೆರೆದು, ಮಡಿಸಿಟ್ಟ ಸೀರೆಗಳ ನಡುವಿನಿಂದ ಫಲಕ ತೆಗೆದು ತೋರಿಸಿದಳು. ಎಂತದೂ ಅರ್ಥವಾಗದೆ ಅವನು ಗೋಡೆಯ ಸ್ವಿಚ್ಚಿನ ಕಡೆಗೆ ಕೈ ಚಾಚಿದ.

“ಅಯ್ಯೋ, ಅಲುಗಾಡ್ಬೇಡಿ!” ಎಂದು ಚೀರಿದಳು ಮೋಹಿನಿ, ಮೇಲಿನ ಯಂತ್ರವನ್ನು ಕಣ್ಣಲ್ಲೇ ತೋರಿಸಿ. “ಇನ್ನು ನಾಲ್ಕು ವರ್ಷ ಹನ್ನೊಂದು ತಿಂಗಳು ಉಂಟು.”

ಲೋಕನಾಥ ಕೈ ಚಾಚಿದ ಹಾಗೆಯೇ ನಿಂತ. ನಾನೂ ತುತ್ತನ್ನು ಬಾಯಿಯಲ್ಲೇ ಇಟ್ಟುಕೊಂಡು ಕುಳಿತೆ.