ಉಗಾಂಡಾಕ್ಕೆ ಹೋದ ಮುದ್ದೆ

ಗೊತ್ತಿರುವುದನ್ನು ಹಂಚಿಕೊಳ್ಳಿ ಎಂದು ಜನರನ್ನು ಸೇರಿಸಿದರೆ, ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹಂಚಿಕೊಳ್ಳುತ್ತಾರೆ. ನನ್ನ ಕೆಲಸದಲ್ಲಿ ಇದು ವಾರಕ್ಕೊಮ್ಮೆಯಾದರೂ ನಡೆಯುತ್ತದೆ.

ಸಸ್ಯಶಾಸ್ತ್ರ ಓದಿ ಮೈಸೂರಿನ ಯಾದವಗಿರಿಯ ಒಂದು ಸಣ್ಣ ಸಂಸ್ಥೆ ಸೇರಿದೆ. ಮೈಸೂರು ಮತ್ತು ಉಗಾಂಡಾದ ರಾಗಿ ಬಲ್ಲವರನ್ನು ಒಂದು ವಾಟ್ಸಾಪ್ ಗುಂಪಿನಲ್ಲಿ ಕೂಡಿಸುವುದು, ಆ ಕಡೆ ಈ ಕಡೆ ಮಾತು ಅನುವಾದಿಸುವುದು ನನ್ನ ಕೆಲಸ. ಹಣ ಕೊಡುವ ಸಂಸ್ಥೆಯ ಅಧಿಕಾರಿ ವರ್ಷದ ಕೊನೆಗೆ ಗುಂಪನ್ನು ಪರೀಕ್ಷಿಸುತ್ತಾರೆ. ಒಬ್ಬರಿಂದ ಒಬ್ಬರು ಏನೂ ಕಲಿತಿರದಿದ್ದರೆ ಗುಂಪು ಬಂದ್. ನನ್ನ ನೌಕರಿಯೂ.

ಮೊದಲು ನೀವು

"ರಾಗಿಯ ಬೆಂಕಿ ರೋಗಕ್ಕೆ ನೀವೇನು ಮಾಡುತ್ತೀರಿ?" ಎಂದು ಗುಂಪಿನಲ್ಲಿ ಕೇಳಿದೆ. ಸಂಜೆ ಊರಂಚಿನ ಹಿನಕಲ್‌ನಿಂದ ಫೋನ್ ಬಂತು. ರಾಗಿ ಬೆಳೆದು, ಹಿಟ್ಟಿನ ಮಿಲ್ಲೂ ನಡೆಸುವ ಅಕ್ಕ.

"ಉತ್ತರ ನಂಗೊತ್ತು ಕಣಮ್ಮ."

"ಗುಂಪಲ್ಲಿ ಹಾಕಿ ಅಕ್ಕ."

"ಮೇಷ್ಟ್ರಂಥ ದೊಡ್ಡೋರಿರೋವಾಗ ನಾನು ಬಾಯಿ ಹಾಕಿದ್ರೆ ಚೆನ್ನಾಗಿರುತ್ತಾ?"

ಮೇಷ್ಟ್ರು ಎಂದರೆ ಲಕ್ಷ್ಮೀಪುರಂನಲ್ಲಿರುವ, ಕೃಷಿ ಪಾಠ ಹೇಳಿ ನಿವೃತ್ತರಾದವರು. ಅವರಿಗೆ ಫೋನ್ ಮಾಡಿದೆ.

"ಬೆಳೆಯೋರು ಆಕೆ. ಆಕೆ ಹೇಳ್ಲಿ, ಆಮೇಲೆ ನಾನು," ಎಂದರು.

ಮರುದಿನ ಗುಂಪಿನಲ್ಲಿ ಎರಡು ಸಂದೇಶಗಳಿದ್ದವು. ಅಕ್ಕನದು ಶುಭೋದಯದ ಗುಲಾಬಿ. ಮೇಷ್ಟ್ರದು ಇನ್ನೂ ದೊಡ್ಡ ಗುಲಾಬಿ.

ಸೋಲುಗಳ ಸಭೆ

ಸೋಲನ್ನು ಹೇಳಿಕೊಂಡರೆ ನಂಬಿಕೆ ಬೆಳೆಯುತ್ತದೆ ಎಂದು ತರಬೇತಿಯಲ್ಲಿ ಕಲಿಸಿದ್ದರು. ಆನ್‌ಲೈನ್ ಸಭೆ ಕರೆದು, "ನಿಮ್ಮ ಒಂದು ಸೋಲು ಹೇಳಿ" ಎಂದೆ.

ಅಕ್ಕ ತಕ್ಷಣ ಶುರು ಮಾಡಿದರು: "ಮೇಷ್ಟ್ರು ಕೊಟ್ಟ ಬೀಜ ಮೊಳಕೇನೇ ಬರ್ಲಿಲ್ಲ."

"ಬಿತ್ತಿದ್ದು ಆಳ ಆಯ್ತು ಕಣಮ್ಮ. ಅದು ನಿಮ್ಮ ಸೋಲು," ಎಂದರು ಮೇಷ್ಟ್ರು.

ಸೋಲುಗಳು ಧಾರಾಳವಾಗಿ ಬಂದವು. ತನ್ನದು ಎಂದು ಒಪ್ಪಿದವನು ಒಬ್ಬನೇ, ಉಗಾಂಡಾದ ಕ್ಷೇತ್ರ ಕಾರ್ಯಕರ್ತ. ತಾನು ಹಾಕಿದ ಗೊಬ್ಬರ ಹೆಚ್ಚಾಗಿ ಪೈರು ನೆಲಕ್ಕೆ ಮಲಗಿದ್ದನ್ನು ನಗುತ್ತಾ ವಿವರಿಸಿದ.

ಸಭೆ ಮುಗಿದ ಮೇಲೆ ಅಕ್ಕ ಫೋನ್ ಮಾಡಿದರು: "ಪಾಪ, ಆ ಹುಡುಗನಿಗೆ ಹೇಳ್ಕೊಡೋರು ಯಾರೂ ಇಲ್ವಾ? ತನ್ನನ್ನೇ ಬುಟ್ಕೊಟ್ಟನಲ್ಲಮ್ಮ!"

ಪರೀಕ್ಷೆ

ಕೊನೆಗೆ ಆ ದಿನ ಬಂತು. ಅಕ್ಕ, ಮೇಷ್ಟ್ರು ನಮ್ಮ ಕಚೇರಿಗೇ ಬಂದು ಪರದೆಯ ಮುಂದೆ ಕೂತರು. ಪರದೆಯಲ್ಲಿ ಅಧಿಕಾರಿ ಮತ್ತು ಉಗಾಂಡಾದವನು.

"ಪರಸ್ಪರ ಕಲಿತು ಬದಲಾಯಿಸಿಕೊಂಡದ್ದು ಏನಾದರೂ ಇದೆಯೇ?" ಎಂದರು ಅಧಿಕಾರಿ. ಅನುವಾದಿಸಿದೆ. ಮೇಷ್ಟ್ರು ನೀವೇ ಹೇಳಿ ಎಂದು ಅಕ್ಕನಿಗೆ ಸನ್ನೆ ಮಾಡಿದರು. ನಾನು ಮನಸ್ಸಿನಲ್ಲೇ ಬೇರೆ ನೌಕರಿಗೆ ಅರ್ಜಿ ಬರೆಯತೊಡಗಿದೆ.

ಮಾತು ಮರೆಸಲು ಅಕ್ಕ ಉಗಾಂಡಾದವನನ್ನು ಕೇಳಿದರು: "ಊಟ ಆಯ್ತೇನಪ್ಪ?"

ಅನುವಾದಿಸಿದಾಗ ಅವನು ಪಕ್ಕದಲ್ಲಿದ್ದ ತಟ್ಟೆ ಎತ್ತಿ ತೋರಿಸಿದ. ಥೇಟ್ ನಮ್ಮ ಮುದ್ದೆ! ಒಂದು ತುಂಡು ಮುರಿದು ಬಾಯಿಗಿಟ್ಟು ಅಗಿಯತೊಡಗಿದ.

"ಅಯ್ಯಯ್ಯೋ, ಅಗೀತಾವ್ನೆ!" ಅಕ್ಕ ಎದ್ದೇ ನಿಂತರು.

"ನುಂಗ್ಬೇಕು ಕಣಪ್ಪ! ಸಾರಲ್ಲಿ ಅದ್ದು, ಗುಳುಂ ಅನ್ಸು!" ಮೇಷ್ಟ್ರು ಮೇಜು ಕುಟ್ಟಿದರು.

ನಾನು ಅನುವಾದಿಸಿದ್ದೇ ತಡ, ಅವನು ತಟ್ಟೆಯಲ್ಲಿದ್ದ ಬೀನ್ಸ್ ಕಾಳಿನ ರಸದಲ್ಲಿ ಅದ್ದಿ ನುಂಗಿದ. ಕಣ್ಣು ಅಗಲವಾಯಿತು. ಇನ್ನೊಂದು ನುಂಗಿದ. ಆಮೇಲೆ ಹೆಬ್ಬೆರಳೆತ್ತಿದ: "ನಾಳೆಯಿಂದ ಹೀಗೇ!"

ಅಧಿಕಾರಿ ಬರೆದುಕೊಂಡರು. ತಲೆ ಎತ್ತಿ, "ಸರಿ, ಉಗಾಂಡಾದಿಂದ ಮೈಸೂರು ಏನು ಕಲಿಯಿತು?" ಎಂದರು.

ಅನುವಾದಿಸಿ ಅಕ್ಕನನ್ನು ನೋಡಿದೆ. ಅಕ್ಕ ನನ್ನ ಮುಖ ನೋಡಿದರು. ನಿಟ್ಟುಸಿರು ಬಿಟ್ಟು, ಮನೆಯಿಂದ ತಂದಿದ್ದ ಬುತ್ತಿ ತೆರೆದು, ಮುದ್ದೆ ಮುರಿದು ಬಾಯಿಗಿಟ್ಟು, ಕಣ್ಣು ಮುಚ್ಚಿ ಅವನ ಹಾಗೇ ಅಗಿದರು. ಮೇಷ್ಟ್ರು ನೋಡಲಾರದೆ ಮುಖ ತಿರುಗಿಸಿದರು.

"ಏನನ್ನಿಸಿತು?" ಅಧಿಕಾರಿ ಕೇಳಿದರು.

"ಹಲ್ಲಿಗೆಲ್ಲಾ ಮೆತ್ಕೊಂಡ್ಬುಡ್ತು," ಎಂದರು ಅಕ್ಕ.

"ಪ್ರಯೋಗ ಇನ್ನೂ ಮುಂದುವರಿದಿದೆಯಂತೆ," ಎಂದು ಅನುವಾದಿಸಿದೆ. ಸುಳ್ಳೇನಲ್ಲ, ಅಕ್ಕನ ನಾಲಿಗೆ ಇನ್ನೂ ಹಲ್ಲಿನ ಸಂದಿ ಹುಡುಕುತ್ತಿತ್ತು.

ಅಧಿಕಾರಿ ನಕ್ಕು ಗುಂಪನ್ನು ಮುಂದುವರಿಸಲು ಒಪ್ಪಿದರು.

"ಏನಂದ್ರಮ್ಮ?" ಅಕ್ಕ ಪಿಸುಗುಟ್ಟಿದರು.

"ಇನ್ನೊಂದು ವರ್ಷ ಕೊಟ್ಟರು ಅಕ್ಕ!"

ಅಕ್ಕ ಬುತ್ತಿ ನೋಡಿದರು, ನನ್ನನ್ನು ನೋಡಿದರು. "ವರ್ಷಪೂರ್ತಿ ಅಗೀಬೇಕಾ?"